ಕತ್ತಿ ಕಪ್ಪಗಿದ್ರೆ ಗಟ್ಟಿ ಅನ್ನೋ ಮಾತು ಬಿಡಿ

ಅಡಿಕೆ ಸುಲಿತದ ದಿನ ಹತ್ತಿರ ಬಂತು ಅಂದ್ರೆ ನಮ್ಮ ಕಡೆ ಎಲ್ಲರೂ ಮೆಟ್ಟುಗತ್ತಿ, ದೋಟಿ ಕುಡುಗೋಲು, ಸೌದೆ ಕತ್ತಿ ಎಲ್ಲ ಹೊತ್ತುಕೊಂಡು ಕುಲುಮೆಗೆ ಓಡ್ತೀವಿ. ವಾಪಸ್ ತಂದ ಹದಿನೈದೇ ದಿನಕ್ಕೆ ಶುರುವಾಗತ್ತೆ ದೂರು: "ಈ ಸಲ ಆಚಾರ್ರು ಹದ ಸರಿ ಹಾಕಿಲ್ಲ ಮಾರಾಯ್ರೆ, ಬಾಯಿ ನಿಲ್ತಾನೇ ಇಲ್ಲ." ಇವತ್ತು ಬರೆಯೋದು ಆ ದೂರಿನ ಬಗ್ಗೆ. ಬಹಳಷ್ಟು ಸಲ ತಪ್ಪು ಹದದ್ದಲ್ಲ. ಹದ ಹಾಕುವಾಗ ಕತ್ತಿ ಮೇಲೆ ಕೂರೋ ಕರಿ ಹಕ್ಕಳೆಯದ್ದು, ಅದನ್ನ ನಾವು ತೆಗೆಯೋ ರೀತಿಯದ್ದು.

ಮೊದಲು ಈ ಹಕ್ಕಳೆ ಏನು ಅಂತ ನೋಡಿ. ವೆಲ್ಡಿಂಗ್ ಅಂಗಡಿಯವರು ಇದಕ್ಕೆ ಸ್ಕೇಲ್ ಅಂತಾರೆ. ಕೆಂಪಗೆ ಕಾದ ಕಬ್ಬಿಣಕ್ಕೆ ಗಾಳಿಯ ಆಮ್ಲಜನಕ ತಾಗಿದ್ರೆ ಮೇಲ್ಮೈ ಸುಟ್ಟು ಕಬ್ಬಿಣದ ಆಕ್ಸೈಡ್ ಆಗತ್ತೆ. ಅದೇ ಆ ಕಪ್ಪು ಪದರ. ಅದು ಉಕ್ಕಲ್ಲ, ಸುಟ್ಟ ಉಕ್ಕಿನ ಬೂದಿ ಇದ್ದ ಹಾಗೆ. ಗಡುಸಾಗಿರತ್ತೆ, ಆದ್ರೆ ಬಿರುಸು, ಚಕ್ಕೆ ಚಕ್ಕೆಯಾಗಿ ಏಳತ್ತೆ. ಅದಕ್ಕಿಂತ ಕೆಟ್ಟದ್ದು ಅದರ ಕೆಳಗೆ ನಡೆಯತ್ತೆ. ಉಕ್ಕಿಗೆ ಗಟ್ಟಿತನ ಬರೋದು ಇಂಗಾಲದಿಂದ. ನಾವು ಕತ್ತಿ ಮಾಡಿಸೋ ಲಾರಿ ಪ್ಲೇಟಿನಲ್ಲಿ ಅದು ಇರೋದೇ ಸುಮಾರು ನೂರಕ್ಕೆ ಅರ್ಧದಿಂದ 0.6 ಭಾಗ. ಬೆಂಕಿಯಲ್ಲಿ ಜಾಸ್ತಿ ಹೊತ್ತು ಬಿಟ್ರೆ ಮೇಲ್ಪದರದ ಇಂಗಾಲವೂ ಗಾಳಿಗೆ ಸೇರಿ ಹೋಗತ್ತೆ. ಆಗ ಹಕ್ಕಳೆಯ ಕೆಳಗೆ ಒಂದು ಮೆತ್ತನೆ ಚರ್ಮ ಉಳಿಯತ್ತೆ, ಅದು ಎಷ್ಟು ಎಣ್ಣೆ ಕುಡಿಸಿದ್ರೂ ಗಟ್ಟಿಯಾಗಲ್ಲ.

ಅದಕ್ಕೇ ಹೇಳೋದು, "ಕಪ್ಪಗಿದ್ರೆ ಗಟ್ಟಿ" ಅನ್ನೋದು ಸುಳ್ಳು. ಅರ ಹಾಕಿ ನೋಡಿದಾಗ ಕಚ್ಚಿತು ಅಂತ "ಹದ ಬಂದಿಲ್ಲ" ಅಂದುಬಿಡ್ತೀವಿ. ಕಚ್ಚಿದ್ದು ಆ ಮೆತ್ತನೆ ಚರ್ಮಕ್ಕೆ ಇರಬಹುದು. ಇನ್ನೂ ಎರಡು ಉಜ್ಜು ಉಜ್ಜಿದ್ರೆ ಕೆಳಗೆ ಅರ ಜಾರತ್ತೆ. ಅಷ್ಟು ನೋಡದೆ ಮತ್ತೆ ಬೆಂಕಿಗೆ ಹಾಕಿಸಿದ್ರೆ ಇನ್ನೊಂದು ಪದರ ಸುಟ್ಟು ಹೋಗತ್ತೆ, ಬಾಯಿ ಬಿರುಕು ಬಿಟ್ರೂ ಬಿಟ್ಟಿತು.

ಇನ್ನೊಂದು ಮಾತು ಹೇಳ್ತಾರೆ: "ಕಪ್ಪು ಇದ್ರೆ ತುಕ್ಕು ಹಿಡಿಯಲ್ಲ." ಬೆನ್ನಿನ ಕಡೆ ಬಿಗಿಯಾಗಿ ಕೂತಿದ್ರೆ ಇರಲಿ, ಅದರಿಂದ ನಷ್ಟ ಇಲ್ಲ. ಆದ್ರೆ ಕುಲುಮೆ ಹಕ್ಕಳೆಯಲ್ಲಿ ಬಿರುಕು ಇದ್ದೇ ಇರತ್ತೆ. ನಮ್ಮ ಮಳೆಗಾಲದಲ್ಲಿ ಆ ಬಿರುಕಿಗೆ ನೀರು ಇಳಿದು ಒಳಗೇ ತುಕ್ಕು ತಿನ್ನತ್ತೆ. ಬಾಯಿಯ ಹತ್ತಿರ ಅಂತೂ ಅದು ಇರಲೇಬಾರದು.

ಈಗ ಪೇಟೆ ಗ್ರೈಂಡರ್ ವಿಷಯ. ಹದ ಹಾಕಿದ ಕತ್ತಿ ತಗೊಂಡು ಹೋಗಿ "ಬಿಳಿ ಮಾಡಿ ಕೊಡಿ" ಅಂತೀವಿ. ಅವರು ಒಣ ಕಲ್ಲಿಗೆ ಒತ್ತಿ ಹಿಡೀತಾರೆ. ಎರಡು ನಿಮಿಷದಲ್ಲಿ ಕತ್ತಿ ಫಳಫಳ, ನಮಗೂ ಖುಷಿ. ಬಾಯಿಯ ಅಂಚು ನೀಲಿ ಆಗಿದೆಯಾ ಅಂತ ಯಾರಾದ್ರೂ ನೋಡ್ತೀವಾ? ಉಕ್ಕು ನೀಲಿ ಆಯ್ತು ಅಂದ್ರೆ ಅಲ್ಲಿ ಸುಮಾರು 300 ಡಿಗ್ರಿ ಬಿಸಿ ಏರಿತು ಅಂತ ಅರ್ಥ. ಒಣಹುಲ್ಲಿನ ಬಣ್ಣಕ್ಕೆ, ಅಂದ್ರೆ ಸುಮಾರು 220 ಡಿಗ್ರಿಗೆ ನಿಲ್ಲಿಸಿದ ಹದ ಅಲ್ಲಿಗೆ ಮುಗೀತು. ಆಮೇಲೆ ನೀಲಿಯನ್ನೂ ಉಜ್ಜಿ ಬಿಳಿ ಮಾಡ್ತಾರೆ, ಬಣ್ಣ ಹೋಗತ್ತೆ, ಮೆತ್ತಗಾದದ್ದು ಹಾಗೇ ಉಳಿಯತ್ತೆ. ಬೈಗುಳ ಮಾತ್ರ ಆಚಾರ್ರಿಗೆ.

"ಅಜ್ಜನ ಕಾಲದಲ್ಲಿ ಇದೆಲ್ಲ ಎಲ್ಲಿತ್ತು?" ಅಂತ ಕೇಳೋರಿಗೆ ಒಂದು ಉತ್ತರ. ಅಜ್ಜನ ಕಾಲದಲ್ಲಿ ಕೈ ತಿದಿ ಇತ್ತು, ಮರದ ಇದ್ದಿಲಿತ್ತು. ಗಾಳಿ ಬೇಕಾದಷ್ಟೇ ಹೋಗ್ತಿತ್ತು. ಎಣ್ಣೆಯಿಂದಲೋ ನೀರಿನಿಂದಲೋ ತೆಗೆದ ಕೂಡಲೇ ಇಟ್ಟಿಗೆ ಚೂರಲ್ಲಿ ಉಜ್ಜಿ ಕಪ್ಪು ತೆಗೀತಿದ್ರು, ಹದದ ಬಣ್ಣ ಕಾಣಬೇಕಲ್ಲ. ಈಗ ಕರೆಂಟ್ ಬ್ಲೋವರ್ ಬಂದಿದೆ. ನಾವು ಬಾಗಿಲಲ್ಲಿ ನಿಂತು "ಬೇಗ, ಬೇಗ" ಅಂತೀವಿ, ಅವರು ಗಾಳಿ ಪೂರ್ತಿ ಬಿಡ್ತಾರೆ. ಇದ್ದಿಲಿಗೆ ಬೇಕಾದ್ದಕ್ಕಿಂತ ಹೆಚ್ಚಿನ ಗಾಳಿ ಹೋಗಿ ಕತ್ತಿಯನ್ನೇ ಸುಡತ್ತೆ. ಹಕ್ಕಳೆ ದಪ್ಪ ಆಗೋದಕ್ಕೆ ನಮ್ಮ ಅವಸರವೂ ಕಾರಣ.

ಹಾಗಾದ್ರೆ ಏನು ಮಾಡಬೇಕು? ಮೊದಲು ಬರದ ಹಾಗೆ ನೋಡಿಕೊಳ್ಳೋದು. ಇದ್ದಿಲು ದಪ್ಪಕ್ಕೆ ಪೇರಿಸಿ, ಕತ್ತಿ ಗಾಳಿ ಕೊಳವೆಯ ಬಾಯಿಗೆ ನೇರ ಬರದ ಹಾಗೆ ಮೇಲಿರಲಿ, ಗಾಳಿ ಕಮ್ಮಿ ಇರಲಿ. ಅಯಸ್ಕಾಂತ ಅಂಟದೆ ಇರೋ ಹಂತ ಸುಮಾರು 770 ಡಿಗ್ರಿ. ಅಲ್ಲಿಂದ ಇನ್ನು ಸ್ವಲ್ಪ ಕಾವು ಏರಿ ಒಂದೇ ಬಣ್ಣ ಬಂದ ಕೂಡಲೇ ತೆಗೆದು ಎಣ್ಣೆಗೆ ಇಳಿಸಬೇಕು. ಅಲ್ಲೇ ಬಿಟ್ಟು ಬೀಡಿ ಹಚ್ಚೋ ಹಾಗಿಲ್ಲ. ಬಿಳಿಗಾರ ಬಿಸಿನೀರಲ್ಲಿ ಕರಗಿಸಿ, ಬೆಚ್ಚಗಿನ ಕತ್ತಿಗೆ ಬಳಿದ್ರೆ ಬೆಂಕಿಯಲ್ಲಿ ಕರಗಿ ಗಾಜಿನ ಹಾಗೆ ಹೊದ್ದುಕೊಂಡು ಗಾಳಿ ತಡೆಯತ್ತೆ. ತೆಳ್ಳಗೆ ಜೇಡಿಮಣ್ಣು ಬಳಿದು ಪೂರ್ತಿ ಒಣಗಿಸಿದ್ರೂ ಉಪಯೋಗ ಇದೆ, ದಪ್ಪ ಮಾತ್ರ ಬೇಡ. ಎಲ್ಲಕ್ಕಿಂತ ಮುಖ್ಯ, ಹದಕ್ಕೆ ಮುಂಚೆ ಬಾಯಿ ಪೂರ್ತಿ ತೆಳು ಮಾಡಿಸಬೇಡಿ. ಒಂದು ಮಿಲಿಮೀಟರಿನಷ್ಟು ದಪ್ಪ ಬಿಟ್ರೆ ಸುಟ್ಟ ಪದರ, ಮೆತ್ತನೆ ಚರ್ಮ ಎರಡನ್ನೂ ಆಮೇಲೆ ತೆಗೆದು ಒಳ್ಳೆ ಉಕ್ಕಿಗೆ ತಲುಪಬಹುದು.

ಇಷ್ಟಾದ್ರೂ ಒಂದಿಷ್ಟು ಬಂದೇ ಬರತ್ತೆ. ಅದಕ್ಕೆ ಅಡುಗೆಯ ವಿನೆಗರ್ ಸಾಕು. ಕತ್ತಿಯ ಹದ ಪೂರ್ತಿ ಮುಗಿದಿರಬೇಕು, ಬಣ್ಣಕ್ಕೆ ಕಾಯಿಸಿದ್ದೂ ಆಗಿರಬೇಕು. ಸೋಪು ಹಾಕಿ ಎಣ್ಣೆ ಜಿಡ್ಡು ತೊಳೆಯಿರಿ, ಜಿಡ್ಡಿದ್ದಲ್ಲಿ ಹುಳಿ ಹಿಡಿಯಲ್ಲ. ತೋಟದಲ್ಲಿ ಉಳಿದ ಪಿವಿಸಿ ಪೈಪಿನ ತುಂಡಿಗೆ ಒಂದು ಕಡೆ ಮುಚ್ಚಳ ಅಂಟಿಸಿ, ಕತ್ತಿ ನಿಲ್ಲಿಸಿ, ಮುಳುಗುವಷ್ಟು ವಿನೆಗರ್ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಂತಿ ಬ್ರಷ್ಷಲ್ಲಿ ಉಜ್ಜಿದ್ರೆ ಕರಿ ಕೆಸರಿನ ಹಾಗೆ ಬಿಟ್ಟು ಬರತ್ತೆ. ಹುಣಸೆ ನೀರೂ ಆಗತ್ತೆ, ನಿಧಾನ. ಆಮೇಲೆ ಅಡುಗೆ ಸೋಡಾ ನೀರಲ್ಲಿ ಅದ್ದಿ, ತೊಳೆದು, ಒರೆಸಿ, ಕೂಡಲೇ ಕೊಬ್ಬರಿ ಎಣ್ಣೆ ಸವರಿ. ತಡ ಮಾಡಿದ್ರೆ ಕಣ್ಣೆದುರೇ ಕೆಂಪಾಗತ್ತೆ.

ಬ್ಯಾಟರಿ ಆಸಿಡ್, ಕಕ್ಕಸು ತೊಳೆಯೋ ಆಸಿಡ್ ಹತ್ತಿರ ಹೋಗಬೇಡಿ. ಬೇಗ ಆಗತ್ತೆ ನಿಜ. ಆದ್ರೆ ಅದರ ಹೊಗೆ ಎದೆಗೆ ಕೆಟ್ಟದ್ದು. ಹದ ಹಾಕಿದ ಉಕ್ಕು ಆಸಿಡ್‌ನಿಂದ ಜಲಜನಕ ಹೀರಿಕೊಂಡು ಮುರುಕಲಾಗತ್ತೆ. ದೋಟಿ ತುದಿಯ ಕುಡುಗೋಲು ಮುರಿದರೆ ಕೆಳಗೆ ನಿಂತವರ ತಲೆ ಮೇಲೆ ಬೀಳತ್ತೆ.

ಕೊನೆಗೆ ಬಾಯಿ ಮಾಡಿಸುವಾಗ ಗ್ರೈಂಡರ್ ಪಕ್ಕ ಒಂದು ಬಕೆಟ್ ನೀರಿಡಿಸಿ. ಕತ್ತಿಯನ್ನ ಬರಿಗೈಯಲ್ಲಿ ಹಿಡಿದು, ಬೆರಳಿಗೆ ಬಿಸಿ ತಾಗೋ ಮುಂಚೆ ನೀರಿಗೆ ಅದ್ದಬೇಕು. ಅದಕ್ಕೆ ಹೊತ್ತು ಹಿಡಿಯತ್ತೆ, ನಾಲ್ಕು ಕಾಸು ಜಾಸ್ತಿ ಆಗತ್ತೆ. ಕೊಡಿ.

ಯಾಕೆ ಇಷ್ಟು ಹೇಳೋದು ಅಂದ್ರೆ, ಮೊಂಡು ಮೆಟ್ಟುಗತ್ತಿಯ ನಷ್ಟ ನಮಗಿಂತ ಮೊದಲು ಸುಲಿಯೋ ಹೆಂಗಸರಿಗೆ. ಕೆಜಿ ಲೆಕ್ಕದಲ್ಲೋ ಡಬ್ಬದ ಲೆಕ್ಕದಲ್ಲೋ ಕೂಲಿ ತಗೊಳ್ಳೋರು ಅವರು. ಬಾಯಿ ಹೋದ ಕತ್ತಿಗೆ ಜೋರು ಹಾಕಿ ಹಾಕಿ ತೋಳು ನೋಯಿಸಿಕೊಳ್ಳೋದು, ಜಾರಿ ಕೈ ಕೊಯ್ದುಕೊಳ್ಳೋದೂ ಅವರೇ. ಕುಲುಮೆಗಳೂ ಊರಿಗೊಂದು ಉಳಿದಿಲ್ಲ. ಇರೋ ಆಚಾರ್ರನ್ನ ಬೈದು ಓಡಿಸೋ ಬದಲು, ಸೀಸನ್ನಿಗೆ ಒಂದು ತಿಂಗಳು ಮುಂಚೆ ಕತ್ತಿ ಕೊಡಿ, ಗಾಳಿ ಕಮ್ಮಿ ಮಾಡಿ ನಿಧಾನ ಮಾಡಿ ಅಂತ ಹೇಳಿ, ಕೇಳಿದ ಕೂಲಿ ಕೊಡಿ.