ಬೆಳ್ಳಗಿರುವುದೆಲ್ಲ ಹಾಲಲ್ಲ



ಚಾಮರಾಜನಗರದಿಂದ ಸತ್ಯಮಂಗಲದ ಕಡೆಗೆ ಹೊರಟವರಿಗೆ ಕಾಡಿನ ಅಂಚಿನಲ್ಲಿ ಪುಣಜನೂರು ಎದುರಾಗುತ್ತದೆ. ಅಲ್ಲಿ ಚೆಕ್‌ಪೋಸ್ಟ್ ಇದೆ. ಬಂದ ವಾಹನ ಯಾವ ಊರಿನದು, ಒಳಗೇನಿದೆ, ಎಲ್ಲಿಗೆ ಹೊರಟಿದೆ ಎಂದು ವಿಚಾರಿಸುವವರಿದ್ದಾರೆ. ಆದರೆ ಅದೇ ಊರಿನ ವಿದ್ಯಾರ್ಥಿಯ ಅಂಗೈಯಲ್ಲಿರುವ ಮೊಬೈಲಿನೊಳಗೆ ಹಗಲಿರುಳು ಬಂದು ಸೇರುವ ಮಾತುಗಳಿಗೆ ಇಂಥ ಯಾವ ತಡೆಯೂ ಇಲ್ಲ. 2020ರಲ್ಲಿ ಕೊರೋನಾ ಕಾರಣದಿಂದ ಶಾಲೆಗಳು ಮುಚ್ಚಿದಾಗ ಪಾಠಕ್ಕೆಂದು ಮಕ್ಕಳ ಕೈ ಸೇರಿದ ಈ ಸಾಧನ ಮತ್ತೆ ಹಿರಿಯರ ಕೈಗೆ ಮರಳಲಿಲ್ಲ. ಅದನ್ನು ಕಿತ್ತುಕೊಳ್ಳುವುದು ಪರಿಹಾರವೂ ಅಲ್ಲ. ವಿಚಾರಿಸುವ ಆ ಕಾವಲುಗಾರನನ್ನು ಮಕ್ಕಳ ಮನಸ್ಸಿನಲ್ಲಿಯೇ ನಿಲ್ಲಿಸಬೇಕಾಗಿದೆ.

ಇದು ಸಣ್ಣ ವಿಷಯವೆಂದು ಯಾರೂ ಭಾವಿಸಬಾರದು. 2018ರ ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್ಆಪ್ ವದಂತಿಯನ್ನು ನಂಬಿದ ಜನರ ಗುಂಪು ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ಯುವಕನೊಬ್ಬನ ಪ್ರಾಣವನ್ನೇ ತೆಗೆಯಿತು. ಆ ಸುದ್ದಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದವರಲ್ಲಿ ಯಾರೊಬ್ಬರಾದರೂ "ಇದನ್ನು ಹೇಳಿದವರು ಯಾರು?" ಎಂದು ಕೇಳಿದ್ದರೆ ಒಂದು ಮನೆಯ ದೀಪ ಆರುತ್ತಿರಲಿಲ್ಲ.

ಹಾಗಾದರೆ ಮಕ್ಕಳಿಗೆ ಕಲಿಸುವುದು ಹೇಗೆ? ತಮ್ಮ ಊರಿನಿಂದಲೇ ಆರಂಭಿಸಬೇಕೆಂಬುದು ನಮ್ಮ ಅಭಿಪ್ರಾಯ. ಉಪಾಧ್ಯಾಯರು ತರಗತಿಯಲ್ಲಿ ಪುಣಜನೂರಿನ ಬಗೆಗೆ ಜಾಲತಾಣಗಳಲ್ಲಿರುವ ಮೂರು ನಾಲ್ಕು ಪುಟಗಳನ್ನು ಓದಿಸಲಿ. ಊರು ಮೈಸೂರು ಜಿಲ್ಲೆಯಲ್ಲಿದೆ ಎಂದು ಒಂದು ಪುಟ ಹೇಳಿದರೆ, ಚಾಮರಾಜನಗರ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಈ ಮಾತು ಅದಕ್ಕೂ ಹಿಂದಿನದು ಎಂದು ಮಕ್ಕಳೇ ಹೇಳುವರು. ಊರಿನ ಹೆದ್ದಾರಿಯ ಸಂಖ್ಯೆ 209 ಎಂದಿದ್ದರೆ ಅದೂ ಹಳೆಯ ಮಾತು. 2010ರಲ್ಲಿ ಹೆದ್ದಾರಿಗಳ ಸಂಖ್ಯೆಗಳು ಬದಲಾದಾಗ ಅದು 948 ಆಯಿತು. ತಾನು ಹುಟ್ಟಿ ಬೆಳೆದ ಊರಿನ ವಿಷಯದಲ್ಲಿಯೇ ಇಷ್ಟು ತಪ್ಪುಗಳಿರುವುದಾದರೆ, ತಾನು ಕಾಣದ ದೇಶದ, ಕೇಳದ ವಿಷಯದ ಪುಟಗಳಲ್ಲಿ ಎಷ್ಟಿರಬಹುದು ಎಂಬ ವಿವೇಕ ಆಗ ಮಗುವಿನಲ್ಲಿ ತಾನಾಗಿಯೇ ಮೂಡುತ್ತದೆ.

ಹಳೆಯ ಮಾತು ಸುಳ್ಳಲ್ಲದಿದ್ದರೂ ದಾರಿ ತಪ್ಪಿಸಬಲ್ಲದು. ಪುಣಜನೂರನ್ನು ದಾಟಿ ಹಾಸನೂರಿನ ಮೂಲಕ ದಿಂಬಂ ಘಟ್ಟ ಇಳಿಯುವ ರಸ್ತೆಯಲ್ಲಿ, ಮದರಾಸು ಉಚ್ಚ ನ್ಯಾಯಾಲಯದ ಆದೇಶದಂತೆ 2022ರ ಫೆಬ್ರವರಿ 10ರಿಂದ ರಾತ್ರಿ ಸಂಚಾರದ ನಿರ್ಬಂಧ ಜಾರಿಗೆ ಬಂದಿತು. ಅದೇ ವರ್ಷ ನಿಯಮಗಳಲ್ಲಿ ಮಾರ್ಪಾಡೂ ಆಯಿತು. ಅದಕ್ಕೂ ಹಿಂದೆ ಬರೆದ ಪ್ರವಾಸದ ಪುಟವನ್ನು ನಂಬಿ ರಾತ್ರಿ ಹೊರಟ ಕುಟುಂಬವು ಕಾಡಿನ ಬಾಗಿಲಿನಲ್ಲಿ ಬೆಳಗಿನವರೆಗೆ ಕಾಯಬೇಕಾದೀತು. ಆದ್ದರಿಂದ ಪುಟದಲ್ಲಿರುವ ದಿನಾಂಕವನ್ನು ಮೊದಲು ನೋಡಬೇಕು. ದಿನಾಂಕವೇ ಇಲ್ಲದ ಪುಟದ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಕಣ್ಣಾರೆ ಕಂಡ ಚಿತ್ರವನ್ನಾದರೂ ನಂಬಬಹುದಲ್ಲ ಎಂದು ಕೆಲವರು ಕೇಳುವರು. 2019ರ ಫೆಬ್ರವರಿಯಲ್ಲಿ ಬಂಡೀಪುರದ ಕಾಡಿಗೆ ಬೆಂಕಿ ಬಿದ್ದುದು ನಿಜ. ಸಾವಿರಾರು ಎಕರೆ ಸುಟ್ಟು ಹೋದದ್ದೂ, ವಾಯುಸೇನೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದದ್ದೂ ನಿಜ. ಆದರೆ ಆ ದಿನಗಳಲ್ಲಿ ಬಂಡೀಪುರದ್ದೆಂದು ಹರಿದಾಡಿದ ಸುಟ್ಟ ಪ್ರಾಣಿಗಳ ಚಿತ್ರಗಳಲ್ಲಿ ಹಲವು ಬೇರೆ ಕಡೆಯ ಹಳೆಯ ಚಿತ್ರಗಳಾಗಿದ್ದವು. ನೋಡಿದವರ ಕರುಳು ಕಿವುಚಿತು, ಕೈ ತಡೆಯದೆ ಮುಂದಕ್ಕೆ ಕಳುಹಿಸಿದರು. ಸುಳ್ಳು ಹೆಚ್ಚಾಗಿ ನಿಜದ ಹೆಗಲೇರಿ ಬರುತ್ತದೆ. ಯಾವ ಪುಟವು ನಮ್ಮಲ್ಲಿ ಥಟ್ಟನೆ ಕೋಪವನ್ನೋ ಮರುಕವನ್ನೋ ಆಸೆಯನ್ನೋ ಎಬ್ಬಿಸುತ್ತದೆಯೋ ಅದರ ಮುಂದೆ ಒಂದು ಗಳಿಗೆ ಸುಮ್ಮನೆ ನಿಲ್ಲಬೇಕೆಂಬುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸಬೇಕು.

ಇನ್ನು ಪುಟದ ಅಂದಚೆಂದದ ಮಾತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 10 ಮಂದಿ ಇತಿಹಾಸ ವಿದ್ವಾಂಸರು, 25 ವಿದ್ಯಾರ್ಥಿಗಳು ಮತ್ತು ಸುದ್ದಿಯ ಸತ್ಯಾಸತ್ಯತೆ ಪರೀಕ್ಷಿಸುವ 10 ಮಂದಿ ವೃತ್ತಿನಿರತರಿಗೆ ಕೆಲವು ಜಾಲತಾಣಗಳನ್ನು ಕೊಟ್ಟು ನೋಡಿದರು. ವಿದ್ವಾಂಸರೂ ವಿದ್ಯಾರ್ಥಿಗಳೂ ಅನೇಕ ವೇಳೆ ಆ ಪುಟದಲ್ಲಿಯೇ ಕುಳಿತು, ಅದರ ಲಾಂಛನಕ್ಕೆ, ಗಂಭೀರವಾದ ಹೆಸರಿಗೆ, ತಿದ್ದಿದ ಭಾಷೆಗೆ ಮರುಳಾದರು. ಪರೀಕ್ಷಕರಾದರೋ ಆ ಪುಟವನ್ನು ಬೇಗನೆ ಬಿಟ್ಟು ಹೊರಗೆ ಬಂದು, ಆ ಸಂಸ್ಥೆಯ ವಿಷಯದಲ್ಲಿ ಬೇರೆಯವರು ಏನೆನ್ನುತ್ತಾರೆ ಎಂದು ಹುಡುಕಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ.

ಇದು ನಮ್ಮ ಮನೆಗಳಿಗೆ ಹೊಸ ವಿದ್ಯೆಯೇನಲ್ಲ. ಹೆಣ್ಣು ಕೊಡುವಾಗ ವರನ ಮನೆಯವರ ಬಾಯಿಮಾತನ್ನಷ್ಟೇ ಕೇಳಿ ಲಗ್ನ ನಿಶ್ಚಯಿಸುವವರು ಯಾರಿದ್ದಾರೆ? ನೆರೆಹೊರೆಯವರನ್ನು, ಅವರ ಊರಿನಲ್ಲಿರುವ ನೆಂಟರನ್ನು ವಿಚಾರಿಸಿದ ಮೇಲಲ್ಲವೇ ವೀಳ್ಯ ಬದಲಿಸುವುದು? ಜಾಲತಾಣಕ್ಕೂ ಇದೇ ಕ್ರಮ ಸಲ್ಲುತ್ತದೆ.

ನಮ್ಮ ಸಮಾಜಕ್ಕೆ ಇದರ ಇನ್ನೊಂದು ಮಾದರಿಯೂ ಇದೆ. ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿದ್ದ ತಾಳೆಗರಿಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ 'ವಚನಶಾಸ್ತ್ರಸಾರ'ವನ್ನು ಹೊರತಂದರು. ಮುಂದೆ ವಿದ್ವಾಂಸರು ಕಟ್ಟಿನಿಂದ ಕಟ್ಟಿಗೆ ಪಾಠಗಳನ್ನು ಹೋಲಿಸಿ ನೋಡಿದ ಶ್ರಮದ ಫಲವಾಗಿ 1993ರಲ್ಲಿ ಕರ್ನಾಟಕ ಸರ್ಕಾರದಿಂದ ಸಮಗ್ರ ವಚನ ಸಂಪುಟಗಳು 15 ಸಂಪುಟಗಳಲ್ಲಿ ಬೆಳಕು ಕಂಡವು. ಇಂದಾದರೋ ಯಾರೋ ಬರೆದ ಸಾಲುಗಳಿಗೆ ಕೊನೆಯಲ್ಲಿ ಕೂಡಲಸಂಗಮದೇವ ಎಂದು ಸೇರಿಸಿ ಹರಿಯಬಿಡುವುದು ಸುಲಭವಾಗಿದೆ. ಅಂಕಿತವಿದ್ದ ಮಾತ್ರಕ್ಕೆ ಅದು ಅಣ್ಣನವರ ವಚನವಾಗುವುದಿಲ್ಲ. ಬಸವ ಜಯಂತಿಯ ಭಾಷಣಕ್ಕೆ ಸಿದ್ಧನಾಗುವ ಹುಡುಗನು, ತನಗೆ ಮೊಬೈಲಿನಲ್ಲಿ ಬಂದ ವಚನವು ಸಂಪುಟದಲ್ಲಿದೆಯೇ ಎಂದು ನೋಡಲಿ. 'ವಚನ ಸಂಚಯ'ದಂಥ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟು ಹುಡುಕಬಹುದು. ಜಾಲತಾಣದ ರೋಗಕ್ಕೆ ಜಾಲತಾಣದಲ್ಲಿಯೇ ಮದ್ದೂ ಇದೆ. ಕೃತಕ ಬುದ್ಧಿಮತ್ತೆಯ ಯಂತ್ರಗಳನ್ನು ಕೇಳುವವರಿಗಂತೂ ಈ ಎಚ್ಚರ ಇಮ್ಮಡಿಯಾಗಿ ಬೇಕು. ಇಲ್ಲದ ಗ್ರಂಥದ ಹೆಸರನ್ನೂ ಅವು ನಿರರ್ಗಳವಾಗಿ ಹೇಳಬಲ್ಲವು.

ಹಣದ ವ್ಯವಹಾರವಿದ್ದಲ್ಲಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕು. ವಿದ್ಯಾರ್ಥಿವೇತನ ಕೊಡಿಸುವೆವೆಂದು ಶುಲ್ಕ ಕೇಳುವ ನಕಲಿ ತಾಣಗಳುಂಟು. ನಮ್ಮ ದೇಶದ ಸರ್ಕಾರಿ ತಾಣಗಳ ಹೆಸರು ಸಾಮಾನ್ಯವಾಗಿ 'ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆ. ಆ ಅಕ್ಷರಗಳು ಹೆಸರಿನ ನಡುವೆ ಎಲ್ಲೋ ಇದ್ದರೆ ಸಾಲದು, ಕೊನೆಯಲ್ಲಿರಬೇಕು. ಮೋಸ ಹೋದದ್ದು ತಿಳಿದೊಡನೆ 1930 ಸಂಖ್ಯೆಗೆ ಕರೆ ಮಾಡಬೇಕು. ಮಕ್ಕಳು ಹೆದರಿ ಮುಚ್ಚಿಡದಂತೆ ನಡೆದುಕೊಳ್ಳುವುದು ತಂದೆತಾಯಿಗಳ ಹೊಣೆ.

ನಮ್ಮ ನೆರೆಯ ಕೇರಳದ ಕಣ್ಣೂರಿನಲ್ಲಿ, ಲಸಿಕೆಯ ಬಗೆಗೆ ಹಬ್ಬಿದ ವದಂತಿಗಳನ್ನು ಕಂಡ ಜಿಲ್ಲಾಡಳಿತವು 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಮಾರು 150 ಸರ್ಕಾರಿ ಶಾಲೆಗಳ ಮಕ್ಕಳಿಗೆ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ಹೇಳಿಸಿತು. ಗುಂಡ್ಲುಪೇಟೆ, ಚಾಮರಾಜನಗರಗಳ ಶಾಲೆಗಳಲ್ಲಿಯೂ ವಾರಕ್ಕೊಂದು ಗಂಟೆ ಇದಕ್ಕೆ ಮೀಸಲಾಗಬಾರದೇಕೆ? ಮಠಗಳ ವಿದ್ಯಾರ್ಥಿನಿಲಯಗಳಲ್ಲಿ ಸಂಜೆಯ ಪ್ರಾರ್ಥನೆಯ ಬಳಿಕ ಅರ್ಧ ಗಂಟೆ ಸಾಕು. ದೊಡ್ಡ ಉಪಕರಣಗಳೇನೂ ಬೇಡ, ನಾಲ್ಕು ಪ್ರಶ್ನೆಗಳನ್ನು ಗೋಡೆಯ ಮೇಲೆ ಬರೆದಿಟ್ಟರಾಯಿತು: ಹೇಳಿದವರು ಯಾರು? ಹೇಳಿದ್ದು ಯಾವಾಗ? ಅವರಿಗೆ ತಿಳಿದದ್ದು ಎಲ್ಲಿಂದ? ಬೇರೆಯವರು ಏನೆನ್ನುತ್ತಾರೆ?

ಒಂದು ಮಾತನ್ನು ಮರೆಯಬಾರದು. ಎಲ್ಲವೂ ಸುಳ್ಳೆಂದು ಕಲಿತ ಮಗುವೂ, ಎಲ್ಲವೂ ನಿಜವೆಂದು ನಂಬಿದ ಮಗುವೂ ವಿಚಾರ ಮಾಡುವ ಶ್ರಮದಿಂದ ತಪ್ಪಿಸಿಕೊಂಡಂತೆಯೇ ಸರಿ. ನಂಬಲು ತಕ್ಕದ್ದನ್ನು ಗುರುತಿಸಿ ನಂಬುವುದೇ ನಾವು ಕಲಿಸಬೇಕಾದ ವಿದ್ಯೆ. ಅದನ್ನು ಮೊದಲು ಹಿರಿಯರಾದ ನಾವು ನಮ್ಮ ಮೊಬೈಲುಗಳಲ್ಲಿ ಆಚರಿಸಿ ತೋರಿಸೋಣ. ಇಂದು ರಾತ್ರಿ ಊಟದ ಬಳಿಕ ನಮಗೆ ಬಂದ ಒಂದು ಸಂದೇಶವನ್ನು ಮಕ್ಕಳ ಮುಂದಿಟ್ಟು, ಈ ನಾಲ್ಕು ಪ್ರಶ್ನೆಗಳನ್ನು ಅವರಿಂದಲೇ ಕೇಳಿಸೋಣ.