ಪೈಸೆಯ ಲೆಕ್ಕಕ್ಕೆ ಸಿಗದ ಹೊರೆ

2025ರ ಜುಲೈ 1ರ ರೈಲು ದರ ಏರಿಕೆಯು ಕಿಲೋಮೀಟರಿಗೆ ಅರ್ಧದಿಂದ ಎರಡು ಪೈಸೆಯಷ್ಟೇ ಆಗಿದ್ದು, ಪ್ರಯಾಣವೆಚ್ಚದಲ್ಲಿ ಶೇ. 46ರಷ್ಟನ್ನು ರೈಲ್ವೆಯೇ ಭರಿಸುತ್ತಿರುವುದರಿಂದ ಜನರ ಅಸಮಾಧಾನಕ್ಕೆ ಆಧಾರವಿಲ್ಲವೆಂಬ ವಾದ ಪ್ರಕಟವಾಗಿದೆ. ಏರಿಕೆ ಸಣ್ಣದೆಂಬುದು ನಿಜ. ಹವಾನಿಯಂತ್ರಣವಿಲ್ಲದ ಎಕ್ಸ್‌ಪ್ರೆಸ್‌ನಲ್ಲಿ 500 ಕಿ.ಮೀ.ಗೆ ಅದು ಐದು ರೂಪಾಯಿ. ಆದರೆ ನಿಜವಾದ ಹೊರೆ ಬೇರೆ ದಾರಿಯಿಂದ ಬಂದಿದೆ: ಹಿರಿಯ ನಾಗರಿಕರಲ್ಲಿ ಪುರುಷರಿಗೆ ಶೇ. 40, ಮಹಿಳೆಯರಿಗೆ ಶೇ. 50ರಷ್ಟಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಹಿಂತೆಗೆದುಕೊಳ್ಳಲಾಯಿತು. ಕೋವಿಡ್ ಕಾಲದಲ್ಲಿ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ವಿಧಿಸಿ, 10 ರೂಪಾಯಿಯಿದ್ದ ಕನಿಷ್ಠ ದರವನ್ನು 30ಕ್ಕೇರಿಸಿದ ಕ್ರಮ 2024ರ ಫೆಬ್ರುವರಿಯವರೆಗೂ ಮುಂದುವರಿಯಿತು. ಗದಗ-ಬೆಟಗೇರಿಯಿಂದ ಹುಬ್ಬಳ್ಳಿಗೆ ದುಡಿಯಲು ಹೋಗುವವರ ಪಾಲಿಗೆ ಇದು ಪೈಸೆಯ ಮಾತಾಗಿರಲಿಲ್ಲ.

ಶೇ. 46 ಎಂಬುದು ಸರಾಸರಿಯಷ್ಟೆ: ಸರಕು ಮತ್ತು ಪ್ರಯಾಣಿಕ ಗಾಡಿಗಳೆರಡೂ ಬಳಸುವ ಹಳಿ, ಸಿಗ್ನಲ್‌ಗಳ ಜಂಟಿ ವೆಚ್ಚವನ್ನು ಸೂತ್ರದ ಮೇಲೆ ಹಂಚಿ, ಎಲ್ಲ ದರ್ಜೆಗಳನ್ನೂ ಒಟ್ಟುಗೂಡಿಸಿ ಪಡೆದ ಅಂಕಿ. ಯಾವ ದರ್ಜೆಯವರಿಗೆ ಎಷ್ಟು ನೆರವು ಸಿಗುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ.

ಇನ್ನು ಗದಗ ಜಿಲ್ಲೆಯ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ರೈಲು ನಿಲ್ದಾಣವೇ ಇಲ್ಲದ್ದರಿಂದ, ಅಲ್ಲಿಯವರು ಗದಗಕ್ಕೋ ಯಲವಿಗಿಗೋ ಹೋಗಲು ತೆರುವ ಬಸ್ ದರವೂ ರೈಲು ಪ್ರಯಾಣದ ಖರ್ಚೇ ಆಗುತ್ತದೆ. ದರ ಏರಿಕೆಯನ್ನು ಸಮರ್ಥಿಸುವವರು ಹಿರಿಯರ ರಿಯಾಯಿತಿಯ ಮರುಸ್ಥಾಪನೆಗೂ, ಈ ಭಾಗದ ಬಹುಕಾಲದ ಬೇಡಿಕೆಯಾದ ಗದಗ–ಯಲವಿಗಿ ಮಾರ್ಗಕ್ಕೂ ಅಷ್ಟೇ ಗಟ್ಟಿಯಾಗಿ ದನಿಗೂಡಿಸಬೇಕು.