ರೋಮಿನ ಇಬ್ಬರು ಅಧಿಕಾರಿಗಳು

ಪರರಾಜ್ಯವನ್ನಾಳುವವರಿಗೆ ಸೈನ್ಯಬಲವು ಮುಖ್ಯವೋ ನ್ಯಾಯಬುದ್ಧಿಯು ಮುಖ್ಯವೋ ಎಂಬ ಪ್ರಶ್ನೆಗೆ, ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮನರ ಕೈಕೆಳಗಿದ್ದ ಯೆಹೂದ್ಯರ ಚರಿತ್ರೆಯಲ್ಲಿ ಸ್ಪಷ್ಟವಾದ ಉತ್ತರವಿದೆ. ವಾಚಕರು, ಅವರಲ್ಲಿಯೂ ಅಧಿಕಾರಸ್ಥಾನದಲ್ಲಿರುವವರು, ಅದನ್ನು ಮನನ ಮಾಡತಕ್ಕದ್ದೆಂದು ನಾವು ಭಾವಿಸುತ್ತೇವೆ.

ಕ್ರಿ. ಶ. ೬ರಲ್ಲಿ ಚಕ್ರವರ್ತಿ ಆಗಸ್ಟಸನು ಹೆರೋದನ ಮಗನಾದ ಅರ್ಖೆಲಾಯನನ್ನು ಪದಚ್ಯುತಗೊಳಿಸಿ, ಯೂದಾಯ ದೇಶವನ್ನು ನೇರವಾಗಿ ರೋಮಿನ ಆಡಳಿತಕ್ಕೆ ಸೇರಿಸಿದನು. ಒಡನೆಯೇ ಕಂದಾಯಕ್ಕಾಗಿ ಜನರ ಮತ್ತು ಆಸ್ತಿಯ ಗಣತಿಯು ನಡೆಯಿತು. ದೇವರ ಹೊರತು ಬೇರೆ ಒಡೆಯನಿಲ್ಲವೆಂದು ಗಲಿಲಾಯದ ಯೂದನು ದಂಗೆಯೆಬ್ಬಿಸಿದನು. ಹಾಗೆಂದು ರೋಮನರು ಆ ಜನರ ಮತಾಚಾರಗಳನ್ನು ತುಳಿದೇಬಿಟ್ಟರೆನ್ನಲಾಗದು. ಸಬ್ಬತ್ ದಿನದ ಆಚರಣೆಗೆ ಅಡ್ಡಿಯಿರಲಿಲ್ಲ. ಚಕ್ರವರ್ತಿಯನ್ನು ಪೂಜಿಸುವ ನಿರ್ಬಂಧವಿರಲಿಲ್ಲ. ಅವನ ಕ್ಷೇಮಾರ್ಥವಾಗಿ ಯೆರೂಸಲೇಮಿನ ದೇವಾಲಯದಲ್ಲಿ ಬಲಿಯನ್ನರ್ಪಿಸಿದರೆ ಸಾಕಾಗಿತ್ತು. ಆದರೆ ಆರಂಭದ ದಶಕಗಳಲ್ಲಿ ಮಹಾಯಾಜಕನನ್ನು ನೇಮಿಸುವವನೂ ರೋಮಿನ ಅಧಿಕಾರಿಯೇ. ಆ ಯಾಜಕನ ಪವಿತ್ರವಸ್ತ್ರಗಳನ್ನು ಕೋಟೆಯಲ್ಲಿ ಮುದ್ರೆಯೊತ್ತಿ ಇಟ್ಟುಕೊಂಡು ಹಬ್ಬಕ್ಕೆ ಮಾತ್ರ ಹೊರಗೆ ಕೊಡುವವನೂ ಅವನೇ. ಕೊಟ್ಟ ಸ್ವಾತಂತ್ರ್ಯವು ಹಕ್ಕಾಗಿರದೆ ದಾನವಾಗಿದ್ದಿತು. ಅದು ಉಳಿಯುವುದೂ ಅಳಿಯುವುದೂ ಬಂದ ಅಧಿಕಾರಿಯ ಗುಣವನ್ನವಲಂಬಿಸಿತ್ತು.

ಕ್ರಿ. ಶ. ೪೦ರ ಸುಮಾರಿಗೆ ಕಲಿಗುಲ ಚಕ್ರವರ್ತಿಯು ತನ್ನ ವಿಗ್ರಹವನ್ನು ಆ ದೇವಾಲಯದಲ್ಲಿ ಸ್ಥಾಪಿಸುವಂತೆ ಸಿರಿಯಾದ ಪ್ರಾಂತಾಧಿಪತಿ ಪೆಟ್ರೋನಿಯಸನಿಗೆ ಆಜ್ಞಾಪಿಸಿದನು. ಬಿತ್ತನೆಯ ಕಾಲವಾಗಿದ್ದರೂ ಯೆಹೂದ್ಯರು ಹೊಲಗಳನ್ನು ಬಿಟ್ಟು, ಹೆಂಡಿರುಮಕ್ಕಳೊಡನೆ ನಿರಾಯುಧರಾಗಿ ಬಂದು, ಸೈನ್ಯದ ಮುಂದೆ ಕತ್ತನ್ನೊಡ್ಡಿದರೆಂದು ಆ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸನು ಬರೆದಿದ್ದಾನೆ. ಪೆಟ್ರೋನಿಯಸನು ಅವರ ಮೊರೆಯನ್ನಾಲಿಸಿ, ತನ್ನ ಪ್ರಾಣಕ್ಕೆ ಸಂಚಕಾರ ಬರುವುದೆಂದು ತಿಳಿದೂ, ಆಜ್ಞೆಯನ್ನು ಹಿಂದೆಗೆದುಕೊಳ್ಳುವಂತೆ ಚಕ್ರವರ್ತಿಗೆ ಬರೆದನು. ಆತ್ಮಹತ್ಯೆ ಮಾಡಿಕೊಳ್ಳತಕ್ಕದ್ದೆಂಬ ಉತ್ತರವು ಹೊರಟಿತು. ಆದರೆ ೪೧ರ ಜನವರಿಯಲ್ಲಿ ಕಲಿಗುಲನೇ ಕೊಲೆಯಾದನು; ಆ ಸುದ್ದಿಯು ಮೊದಲು ತಲುಪಿದ್ದರಿಂದ ಪೆಟ್ರೋನಿಯಸನು ಬದುಕಿದನು. ದೇಶವೂ ಬದುಕಿತು.

ಇನ್ನು ಫ್ಲೋರಸನ ಕಥೆ. ಕ್ರಿ. ಶ. ೬೪ರಲ್ಲಿ ಯೂದಾಯದ ಆಡಳಿತಕ್ಕೆ ಬಂದ ಇವನ ಸುಲಿಗೆಯನ್ನು ಕುರಿತು ಜನರು ಮೇಲಧಿಕಾರಿಯಾದ ಗಲ್ಲಸನಿಗೆ ದೂರಿತ್ತರು. ಅವನು ಸಮಾಧಾನ ಹೇಳಿ ಹೊರಟುಹೋದನು. ೬೬ರಲ್ಲಿ ಫ್ಲೋರಸನು ದೇವಾಲಯದ ಭಂಡಾರದಿಂದ ೧೭ ತಲಾಂತುಗಳನ್ನು ತೆಗೆಸಿದನು. ಕೆಲವರು ಬುಟ್ಟಿ ಹಿಡಿದು, ಬಡ ಫ್ಲೋರಸನಿಗೆ ಭಿಕ್ಷೆ ನೀಡಿರೆಂದು ಪರಿಹಾಸ್ಯ ಮಾಡಿದರು. ಆ ಪರಿಹಾಸ್ಯಕ್ಕೆ ಉತ್ತರವಾಗಿ ಅವನು ಪೇಟೆಯ ಮೇಲೆ ಸೈನಿಕರನ್ನು ಬಿಟ್ಟನು. ಚಕ್ರವರ್ತಿಗಾಗಿ ನಡೆಯುತ್ತಿದ್ದ ಬಲಿಯು ನಿಂತಿತು, ಯುದ್ಧವು ಮೊದಲಾಯಿತು.

ಯೆಹೂದ್ಯರಲ್ಲಿಯೂ ದೋಷವಿಲ್ಲದಿರಲಿಲ್ಲ. ನಗರದೊಳಗಿನ ಪಕ್ಷಗಳು ಪರಸ್ಪರ ಹೊಡೆದಾಡಿ ಧಾನ್ಯದ ಸಂಗ್ರಹವನ್ನೇ ಸುಟ್ಟುಕೊಂಡವು. ೭೦ರಲ್ಲಿ ಟೈಟಸನ ಸೈನ್ಯವು ದೇವಾಲಯವನ್ನು ಸುಟ್ಟಿತು. ತಮ್ಮ ದೇವಾಲಯಕ್ಕೆ ಯೆಹೂದ್ಯರು ಸಲ್ಲಿಸುತ್ತಿದ್ದ ಕಾಣಿಕೆಯ ಸ್ಥಾನದಲ್ಲಿ ರೋಮಿನ ಜ್ಯೂಪಿಟರ್ ದೇವತೆಯ ಹೆಸರಿಗೆ ವರ್ಷಕ್ಕೆ ಎರಡು ದ್ರಾಖ್ಮಗಳ ತೆರಿಗೆಯನ್ನು ಹೇರಲಾಯಿತು. ಆ ಜನಾಂಗವನ್ನು ಮುಂದೆ ಉಳಿಸಿದ್ದು ಯಾವ್ನೆಯಲ್ಲಿ ಯೋಹಾನಾನ್ ಬೆನ್ ಜಕ್ಕಾಯಿಯು ನಡೆಸಿದ ಪಾಠಶಾಲೆಯೇ ಹೊರತು ಕತ್ತಿಯಲ್ಲ.

ಸಾಮ್ರಾಜ್ಯವೂ ಒಂದೇ, ಪ್ರಜೆಗಳೂ ಅವರೇ. ಒಬ್ಬ ಅಧಿಕಾರಿಯು ಯುದ್ಧವನ್ನು ತಪ್ಪಿಸಿದನು, ಇನ್ನೊಬ್ಬನು ಬರಮಾಡಿಕೊಂಡನು. ಪೆಟ್ರೋನಿಯಸನಂಥವನು ದೊರೆಯುವುದು ಪ್ರಜೆಗಳ ಪುಣ್ಯ. ಆದರೆ ಪುಣ್ಯವನ್ನೇ ನಂಬಿ ರಾಜ್ಯಭಾರ ನಡೆಯಲಾರದು. ದೂರು ಕೇಳಬೇಕಾದ ಗಲ್ಲಸನು ಸಮಾಧಾನ ಹೇಳಿ ಹೊರಟುಹೋಗಲು ಅವಕಾಶವಿರುವವರೆಗೆ ಯಾವ ಪ್ರಜೆಯೂ ಸುರಕ್ಷಿತನಲ್ಲ, ಯಾವ ಸರಕಾರವೂ ಸ್ಥಿರವಲ್ಲ.